ಸರಕಾರದ ಕಡ್ಡಿಗಳು

ಗುರುಸಿದ್ದವ್ವ ತುಂಬಿದ ಕೊಡವನ್ನು ಅಂಗಳದಲ್ಲಿ ಬೋರಲು ಹಾಕಿದಳು. ಗಂಡನ ಮಣ್ಣಿಗೆ ಬಂದವರ ಕಾಲಡಿ ನೀರು ಹರಿಯಿತು.

“ವೈನಿ, ತಲಿ ಕೆಟ್ಟೈತೇನ ನಿಮಗ?” ಮೈದುನ ಶಿವಶರಣಪ್ಪ ಕೂಗಿದ.

“ಶಂಕ್ರೆಪ್ಪನ ಕಟ್ಟಿ ಮುಂದಿನ ನಳದ ನೀರು ಇದು. ಇದರಾಗ ನಿಮ್ಮಣ್ಣನ ಮೈ ತೊಳ್ಯಾಕ ಬಿಡಂಗಿಲ್ಲ. ಬಾವಿಗೆ ಹೋಗ್ರಿ.”

“ಬಾವಿ ಎಲ್ಲೈತಿ, ಹೊತ್ತೆಲ್ಲೈತಿ? ಹೊತ್ತು ಮುಣಗೂದ್ರಾಗ ಮಣ್ಣಾಗಬೇಕು. ಬಬಲೇಶ್ವರದಿಂದ ಬಂದವ್ರು ಬಸ್ಸಿಗೆ ಹೊಂಡಬೇಕು.”

ಒಳಗೆ ಗೋಡೆಗೆ ಒರಗಿಸಿ ಕೂಡಿಸಿದ್ದ ಶಿವಯೋಗೆಪ್ಪನ ತಲೆ ಒಂದು ಕಡೆ ವಾಲಿತ್ತು. ಯಾರೋ ಸರಿಪಡಿಸಿದರು, ಮತ್ತೆ ವಾಲಿತು. ಭಜನೆಯವರು ತಾಳ ಎತ್ತಿ, ಮುಖ ಮುಖ ನೋಡಿ, ಕೆಳಗಿಟ್ಟರು.

“ಇದ್ದಾಗೂ ನೀರಿಗಿ ಅಡ್ಡಾಡಿಸಿದ,” ಎಂದಳು ನೆರೆಮನೆಯ ತಿಪ್ಪವ್ವ, ಬಾಯಿಗೆ ಸೆರಗಿಟ್ಟು. “ಹೋದ ಮ್ಯಾಲೂ ಅದ ಹಟ.”

*

ಹೊಸ ಪೈಸೆ ಬಂದ ವರ್ಷ ವಿಜಾಪುರದ ಆ ಓಣಿಗೆ ಒಂದು ನಳ ಮಂಜೂರಾಯಿತು. ಎಲ್ಲಿ ನಿಲ್ಲಿಸಬೇಕೆಂದು ಪುರಸಭೆಯವರು ಕೇಳಿದಾಗ, ಹತ್ತಿ ಗಿರಣಿಯಲ್ಲಿ ಅಂಡಿಗೆ ಕಟ್ಟುವ ಶಿವಯೋಗೆಪ್ಪ, “ಓಣಿ ನಡುವ ಇರಲ್ರಿ” ಎಂದ.

ಕಾಳಿನ ವ್ಯಾಪಾರಿ ಶಂಕ್ರೆಪ್ಪ ನಕ್ಕ. “ಈ ಓಣ್ಯಾಗ ಇನ್ಕಮ್ ಟ್ಯಾಕ್ಸ್ ಕಟ್ಟಾಂವ ನಾ ಒಬ್ಬನ. ಪುಕ್ಕಟ ನೀರು ಕುಡ್ಯಾಂವ ಜಾಗಾ ತೋರಸ್ತಾನ ನೋಡ್ರಿ!”

ನಳ ಶಂಕ್ರೆಪ್ಪನ ಕಟ್ಟೆಯ ಮುಂದೆ ನಿಂತಿತು. ಶಿವಯೋಗೆಪ್ಪನ ಮನೆಯ ಕೊಡ ಅಲ್ಲಿಗೆ ಹೋಗಲಿಲ್ಲ.

ಅಂದಿನಿಂದ ಅವನಿಗೊಂದು ಚಾಳಿ ಹತ್ತಿತು. ಹೊಸ ಕಡ್ಡಿಪೆಟ್ಟಿಗೆ ಮನೆಗೆ ಬಂದರೆ ಒಂದು ಹಿಡಿ ಕಡ್ಡಿ ತೆಗೆದು ಖಾಲಿ ಎಣ್ಣೆಡಬ್ಬಿಗೆ ಹಾಕುವನು.

“ಪೆಟಗಿ ರೊಕ್ಕದಾಗ ಇಷ್ಟು ಟ್ಯಾಕ್ಸ್ ಐತಿ. ಇವು ಸರಕಾರದ್ದು. ಮುಟ್ಟಬ್ಯಾಡ.”

“ಒಲಿ ಹಚ್ಚಾಕ ಕಡ್ಡಿ ಇಲ್ಲ, ಡಬ್ಬಿ ತುಂಬಸ್ತೀರಿ!”

“ಪಗಾರ ಕೈಗೆ ಬರೂವಾಗ ಹಿಡಿಯಂಗಿಲ್ಲ, ಕೈಯಿಂದ ಹೋಗೂವಾಗ ಹಿಡೀತಾರ. ಸಕ್ಕರ್ಯಾಗ ಐತಿ, ಚಿಮಣಿ ಎಣ್ಣ್ಯಾಗ ಐತಿ, ನಿನ್ನ ಸೀರ್ಯಾಗ ಐತಿ. ತಿಕೋಟಾದಿಂದ ಸಾಮಾನ ಬಂದ್ರ ಊರ ಬಾಗಲ ನಾಕಾದಾಗ ಜಕಾತಿ, ಅದೂ ನಮ್ಮ ತಲಿಮ್ಯಾಲ. ಈ ಎರಡಂಕಣಕ್ಕ ಮನಿಪಟ್ಟಿ, ಸೈಕಲ್ಲಿಗಿ ಬಿಲ್ಲೆ. ಎಲ್ಲಾ ಹೆಂಗ ತಗದಿಡ್ಲಿ? ಕಡ್ಡಿಯಾದ್ರ ಕಣ್ಣಿಗೆ ಕಾಣ್ತಾವ.”

*

ಗದ್ದಲ ಕೇಳಿ ಶಂಕ್ರೆಪ್ಪನೇ ಬಂದ. ರುಮಾಲು ತೆಗೆದು ಹೆಣಕ್ಕೆ ಕೈಮುಗಿದ. ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

“ಎಷ್ಟು ಬೇಕ ಅಷ್ಟು ತುಂಬ್ಕೋ ತಂಗಿ. ಇಂಥಾ ಹೊತ್ತಿನ್ಯಾಗ ಎಂಥಾ ಹಗಿ? ಧರ್ಮಕ್ಕ ಕೊಟ್ಟೇನಿ ಅನ್ಕೋ.”

ಧರ್ಮ ಎಂಬ ಮಾತಿಗೆ ಗುರುಸಿದ್ದವ್ವ ಎದ್ದಳು. ಒಳಗಿನಿಂದ ಎಣ್ಣೆಡಬ್ಬಿಯನ್ನು ತಬ್ಬಿಕೊಂಡು ಬಂದು ಅವನ ಮುಂದೆ ಸುರುವಿದಳು. ವರ್ಷಗಟ್ಟಲೆಯ ಕಡ್ಡಿಗಳು ರಾಶಿಯಾಗಿ ಅವನ ಮೆಟ್ಟಿನ ಮೇಲೆ ಜಾರಿದವು.

“ಏನಿದು?”

“ಟ್ಯಾಕ್ಸ್. ಅವರು ಕಟ್ಟಿದ್ದು. ಬರೇ ಕಡ್ಡೀದು ಇಷ್ಟು. ಸಕ್ಕರಿ, ಎಣ್ಣಿ, ಅರಿವಿ ತಗದಿಟ್ಟಿದ್ರ ನಿಮ್ಮ ಕಾಳಿನ ವಖಾರಿ ಸಾಲತಿರಲಿಲ್ಲ.”

“ಯವ್ವಾ!” ತಿಪ್ಪವ್ವ ಬಾಯಿ ತೆರೆದಳು. “ಇಷ್ಟು ಕಡ್ಡಿ ಇಟಗೊಂಡು ದಿನಾ ಮುಂಜಾನೆ ನಮ್ಮನಿಗೆ ಕೆಂಡಕ್ಕ ಬರತಿದ್ದೇನ ಬೇ?”

ಗುರುಸಿದ್ದವ್ವ ಬೋರಲು ಬಿದ್ದ ಕೊಡ ಎತ್ತಿಕೊಂಡು ತಾನೇ ಓಣಿ ಏರಿದಳು. ಅವನ ಕಟ್ಟೆಯ ಮುಂದೆ ನಳ ತಿರುವಿದಳು. ಕೊಡ ತುಂಬಿತು, ಹೊತ್ತಳು, ಹಿಂದಿರುಗಿದಳು.

“ನಳಾ ಬಂದ ಮಾಡ ಬೇ!” ಯಾರೋ ಕೂಗಿದರು.

ಅವಳು ತಿರುಗಿ ನೋಡದೆ ಬಂದು ಕೊಡವನ್ನು ಮೈದುನನ ಮುಂದೆ ಇಳಿಸಿದಳು. “ಈಗ ತೊಳೀರಿ.”

ಒಳಗೆ ಭಜನೆಯ ತಾಳ ಶುರುವಾಯಿತು. ಅವಳ ಹಿಂದೆಯೇ ಓಣಿಯ ಇಳಿಜಾರು ಹಿಡಿದು ಬಂದ ನೀರು ಅಂಗಳಕ್ಕೆ ನುಗ್ಗಿ, ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ತೇಲಿಸತೊಡಗಿತು. ಶಂಕ್ರೆಪ್ಪ ಧೋತರ ಎತ್ತಿ ಹಿಡಿದು, ಅವುಗಳ ನಡುವೆ, ಎಲ್ಲಿ ಕಾಲಿಡಬೇಕೆಂದು ತಿಳಿಯದೆ ನಿಂತಿದ್ದ.