ಭಾಗ್ಯಮ್ಮನ ಎರಡನೇ ಸೀರೆ

"ನಿಂಗೆ ಇನ್ನೊಂದು ಸೀರೆ ಕೊಡ್ತೀನಿ ಭಾಗ್ಯ. ಮೊದಲ್ನೇ ಎಳೆಯಿಂದ ಕೊನೇ ಎಳೆಗಂಟ ನಾನೇ ನೇಯ್ತೀನಿ, ಬೇರೆ ಕೈ ಸೋಕಿಸಲ್ಲ" ಎಂದು ನಟರಾಜು ತಂಗಿಗೆ ಮಾತು ಕೊಟ್ಟು ಮೂವತ್ತನಾಲ್ಕು ವರ್ಷವಾಗಿತ್ತು.

ಆಗ ಅವರಿಗೆ ಇಪ್ಪತ್ತಾರು. ಹಗಲು ವಕೀಲಿಕೆ, ಬೆಳಗ್ಗೆ ಸಂಜೆ ಕೊಳ್ಳೇಗಾಲದ ಮನೆಯ ಗುಂಡಿಮಗ್ಗದಲ್ಲಿ ಭಾಗ್ಯಮ್ಮನ ಧಾರೆ ಸೀರೆ. ಸೀರೆ ಅರ್ಧಕ್ಕೆ ಬಂದಿದೆ ಅನ್ನುವಾಗ ಮುನ್ಸೀಫರಾಗಿ ನೇಮಕದ ಆದೇಶ ಬಂತು, ವಾರದೊಳಗೆ ಹಾಜರಾಗಬೇಕು. ಆ ಮನೆಯಲ್ಲಿ ಶುರು ಮಾಡಿದವರೇ ಸೀರೆ ಮುಗಿಸಬೇಕೆಂಬ ಕಟ್ಟು. ಎಳೆಯನ್ನು ಬಡಿದು ಕೂರಿಸುವ ಹೊಡೆತ ಇಬ್ಬರದು ಒಂದೇ ತೂಕಕ್ಕೆ ಬೀಳುವುದಿಲ್ಲ. ಕೈ ಬದಲಾದ ಕಡೆ ಬಟ್ಟೆಯಲ್ಲಿ ಅಡ್ಡಗೆರೆಯೊಂದು ಮೂಡಿಬಿಡುತ್ತದೆ. ಆದರೆ ಮದುವೆ ನಿಲ್ಲುತ್ತದೆಯೇ? ಅವ್ವ ಕೂತು ಮುಗಿಸಿದಳು. ಗೆರೆ ಮೂಡಿತು. ಭಾಗ್ಯಮ್ಮ ಅದರ ಮೇಲೆ ಬೆರಳಾಡಿಸಿ ಏನೂ ಅನ್ನದೆ ಉಟ್ಟುಕೊಂಡಳು. ಏನಾದರೂ ಅಂದಿದ್ದರೆ ನಟರಾಜು ಅಷ್ಟು ದೊಡ್ಡ ಮಾತು ಕೊಡುತ್ತಿರಲಿಲ್ಲವೇನೋ.

ಆಮೇಲೆ ಪುರುಸೊತ್ತೆಲ್ಲಿ? ಹುಣಸೂರು, ಸಿಂಧನೂರು, ಮಂಡ್ಯ, ಕೊನೆಗೆ ಬೆಳಗಾವಿಯಲ್ಲಿ ಜಿಲ್ಲಾ ನ್ಯಾಯಾಧೀಶರು. ಹೋದ ಕಡೆಯೆಲ್ಲ ಒಂದೇ ಹೆಸರು: ವಾಯಿದೆ ಕೊಡದ ಜಡ್ಜು. ಜ್ವರ ಅಂದ ವಕೀಲರಿಗೆ ಕುರ್ಚಿ ತರಿಸಿ, ಕೂತೇ ವಾದಿಸಿ ಎನ್ನುತ್ತಿದ್ದರು. ಮಂಡ್ಯದಲ್ಲಿ ಹನೂರು ಕಡೆಯ ವಕೀಲ ಕೆಂಪನಂಜಪ್ಪ ಮಗನ ನಾಮಕರಣಕ್ಕೆಂದು ಒಂದು ದಿನ ಕೇಳಿದಾಗ, ಹೆಸರಿಡಲು ಎಷ್ಟು ಹೊತ್ತು ಬೇಕು, ಊಟ ಮುಗಿಸಿ ಮೂರಕ್ಕೆ ಬನ್ನಿ ಅಂದಿದ್ದರು. ತಂಗಿ ಮಾತ್ರ ಹಬ್ಬಕ್ಕೊಮ್ಮೆ ಫೋನು ಮಾಡಿ ಸೀರೆ ಎಲ್ಲಿಗೆ ಬಂತು ಎನ್ನುತ್ತಿದ್ದಳು. ಮುಂದಿನ ಬೇಸಿಗೆ ರಜೆಗೆ ಎಂದು ಅವರು ಹೇಳುತ್ತಲೇ ಬಂದರು.

ಅವರು ನಿವೃತ್ತರಾಗಿ ಮೈಸೂರು ಸೇರಿದ ಮೂರನೇ ತಿಂಗಳಿಗೆ ಭಾಗ್ಯಮ್ಮನ ಮಗಳು ಸ್ಪಂದನಳಿಗೆ ಯಳಂದೂರಿನ ಗಂಡು ಗೊತ್ತಾಯಿತು. ಮಗಳ ಧಾರೆಯ ದಿನ ಆ ಎರಡನೇ ಸೀರೆಯನ್ನೇ ಉಡಬೇಕೆಂದು ಭಾಗ್ಯಮ್ಮನ ಆಸೆ. ಮದುವೆಗೆ ಎರಡು ತಿಂಗಳಿತ್ತು. ಕೈ ಪಳಗಿದವರಿಗೆ ಹದಿನೈದು ದಿನದ ಕೆಲಸ, ಸಾಕೋ ಸಾಕು ಎಂದು ನಟರಾಜು ಮೈಸೂರಿನಿಂದ ಬ್ಯಾಗು ಹಿಡಿದು ಬಂದಿಳಿದರು. ತವರಿನ ಮಗ್ಗ ಈಗ ತಂಗಿಯದೇ. ಅವಳೇ ಉದ್ದೆಳೆಗಳ ಹಾಸು ಹೂಡಿಕೊಟ್ಟು, ಇದು ನೇಯ್ಗೆ ಲೆಕ್ಕಕ್ಕೆ ಬರುವುದಿಲ್ಲವೆಂದು ತೀರ್ಪನ್ನೂ ಕೊಟ್ಟಳು.

ಕಾಲೇನೋ ಗುಂಡಿಗಿಳಿಯಿತು, ಸೊಂಟ ಬಗ್ಗಲೊಲ್ಲದು. ಮೊದಲ ದಿನ ಲಾಳಿ ಹಾರಿ ಗೋಡೆಗೆ ಬಡಿಯಿತು. ವಾರ ಕಳೆಯುವಷ್ಟರಲ್ಲಿ ಕೈ ನೆನಪು ಮಾಡಿಕೊಂಡಿತು. ತೊಂದರೆ ಕೊಟ್ಟಿದ್ದು ತಲೆ. ಎಳೆ ತುಂಡಾದರೆ ಭಾಗ್ಯಮ್ಮ ಗಂಟು ಹಾಕಿ ಮುಂದೆ ಹೋಗುವವಳು. ಇವರು ಕನ್ನಡಕ ಏರಿಸಿ, ಯಾಕೆ ತುಂಡಾಯಿತೆಂದು ವಿಚಾರಣೆಗೆ ಕೂರುತ್ತಿದ್ದರು. ಬೆಳಗ್ಗೆ ಒಂದು ಗೇಣು ನೇಯ್ದು, ಮಧ್ಯಾಹ್ನ ಮನಸ್ಸಿಗೆ ಒಪ್ಪದೆ ಅರ್ಧ ಗೇಣು ಬಿಚ್ಚುವರು. ತೀರ್ಪಿನ ಕರಡನ್ನು ಮೂರು ಸಲ ತಿದ್ದಿದ ಕೈ ಅದು.

ಅದೇ ನಾಮಕರಣದ ಮಗನಿಗೆ ಈಗ ಮದುವೆಯೆಂದು ಸೀರೆ ಕೊಳ್ಳಲು ಬಂದ ಕೆಂಪನಂಜಪ್ಪ ಬಾಗಿಲಲ್ಲಿ ನಿಂತು ಈ ಚೆಂದ ನೋಡಿದರು.

"ಸಾ, ವಾಯ್ದೆ ಏನಾರ ಬೇಕಾ?"

"ಬೇಡ. ನೀವು ಮೂರಕ್ಕೆ ಬನ್ನಿ" ಎಂದರು ನಟರಾಜು, ತಲೆ ಎತ್ತದೆ.

ಮದುವೆಗೆ ಐದು ದಿನವಿದ್ದಾಗ ಒಡಲು ಮುಗಿದಿತ್ತು, ಸೆರಗು ಪೂರ್ತಿ ಬಾಕಿ. ಜರಿಯ ಕೆಲಸವೆಲ್ಲ ಇರುವುದೇ ಸೆರಗಿನಲ್ಲಿ. ಭಾಗ್ಯಮ್ಮ ಕಾಫಿ ತಂದು ಮಗ್ಗದ ಪಕ್ಕ ಕೂತಳು. ಏಳು, ನಾನು ಮುಗಿಸುತ್ತೇನೆ ಅಂದಳು. ನಟರಾಜು ಕೇಳಲಿಲ್ಲ. ಗೆರೆ ಮೂಡುತ್ತದೆ, ಮತ್ತೆ ಅದೇ ಕತೆಯಾಗುತ್ತದೆ, ಈ ಮದುವೆಗೆ ಬೇರೆ ಸೀರೆ ಉಡು, ಇದನ್ನು ಸರಿಯಾಗಿ ಮುಗಿಸಿಕೊಡುತ್ತೇನೆ ಎಂದು ಸಮಜಾಯಿಷಿ ಹೇಳಿದರು. ಕೊನೆಗೆ, ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಬೇರೆಯವರ ಬಾಯಲ್ಲಷ್ಟೇ ಕೇಳಿದ್ದ ಮಾತು ಅವರ ಬಾಯಿಂದಲೇ ಬಂತು.

"ಇನ್ನು ಹದಿನೈದು ದಿನ ಕೊಡು ಭಾಗ್ಯ."

"ಮೂವತ್ನಾಕು ವರ್ಸ ಕೊಟ್ಟಿವ್ನಿ ಅಣ್ಣಯ್ಯ, ಸಾಕು. ಮಗಳ ಧಾರೆ ಇನ್ನೊಂದ್ಸಲ ಬರಾಕಿಲ್ಲ. ನಂಗೆ ನಿನ್ ಮಾತು ಬ್ಯಾಡ, ಸೀರೆ ಬೇಕು."

ನಟರಾಜು ಲಾಳಿಯನ್ನು ಎರಡು ಸಲ ಕೈಯಲ್ಲಿ ತಿರುಗಿಸಿದರು. ಮೇಲ್ಮನವಿಗೆ ಜಾಗವಿರಲಿಲ್ಲ. ಗುಂಡಿಯಿಂದ ಕಾಲು ತೆಗೆದು, ಸೊಂಟ ಹಿಡಿದುಕೊಂಡು ಎದ್ದರು. ಕಾಫಿ ಆರಿತ್ತು, ಕುಡಿದರು. ಅವರ ಕೈಯಿಂದ ಲಾಳಿ ತೆಗೆದುಕೊಂಡ ಭಾಗ್ಯಮ್ಮ, ಅಣ್ಣ ಜಾಗ ಬಿಟ್ಟ ಮರುಗಳಿಗೆಗೇ ಹೊಡೆಯತೊಡಗಿದ್ದಳು.

ಯಳಂದೂರಿನ ಛತ್ರದಲ್ಲಿ ಅವಳು ಆ ಸೀರೆ ಉಟ್ಟು ಮಗಳನ್ನು ಧಾರೆ ಎರೆದುಕೊಟ್ಟಳು. ಒಡಲು ಮುಗಿದು ಸೆರಗು ಶುರುವಾಗುವಲ್ಲಿ ಅಡ್ಡಗೆರೆಯಿತ್ತು. ಬಂದ ನೆಂಟರಿಗೆಲ್ಲ ಅವಳೇ ಸೆರಗು ಹಿಡಿದು, ಈ ಕಡೆ ಜಡ್ಜು, ಈ ಕಡೆ ನಾನು ಎಂದು ತೋರಿಸುತ್ತಿದ್ದಳು.

ಕೊನೆಯ ಎಳೆಯವರೆಗೂ ತಾವೇ ನೇಯುವುದಾಗಿ ನಟರಾಜು ಹೇಳಿದ್ದರು. ನೇಯಲಿಲ್ಲ.