ಕೊನೆಯ ಬೆಂಚಿನ ರೋಜಿನಾ

ಖಾನಾಪುರದ ಚರ್ಚಿನಲ್ಲಿ ಪರಮಪ್ರಸಾದದ ತೆಳ್ಳನೆಯ ಬಿಳಿ ಬಿಲ್ಲೆಗಾಗಿ ಎಲ್ಲರೂ ಎದ್ದು ಸಾಲುಗಟ್ಟಿದಾಗ ಕೂತೇ ಇರುತ್ತಿದ್ದವಳು ರೋಜಿನಾ ಒಬ್ಬಳೇ. ಬಾಗಿಲ ಪಕ್ಕದ ಕೊನೆಯ ಬೆಂಚು ಅವಳದು. ಲಿಂಗಾಯತರ ಗೌರೀಶನನ್ನು ಅವಳು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಿದ್ದಳು. ಚರ್ಚಿನ ಪ್ರಕಾರ ಅದು ಮದುವೆಯೇ ಅಲ್ಲ, ಹಾಗಾಗಿ ಪ್ರಸಾದವೂ ಇಲ್ಲ. ಆಗಿನ ಪಾದ್ರಿ ಸ್ಪಷ್ಟವಾಗಿ ಹೇಳಿದ್ದರು: "ಗಂಡಗ ದೀಕ್ಷಾಸ್ನಾನ ಮಾಡ್ಸು, ಇಲ್ಲಾ ಸುಮ್ಮನ ಕುಂದರು. ಬಿಷಪ್ಪರ ನಿಯಮ ಐತಿ."

ಅವಳು ಸುಮ್ಮನೆ ಕೂತಳು. ಪ್ರತಿ ಭಾನುವಾರ ಗೌರೀಶ ಬೈಕಿನಲ್ಲಿ ಕರೆತಂದು, ಪೂಜೆ ಮುಗಿಯುವವರೆಗೆ ಹೊರಗೆ ಮಾವಿನ ಮರದಡಿ ಪೇಪರ್ ಓದುತ್ತ ಕಾಯುತ್ತಿದ್ದ. "ಆ ಬಿಳಿ ಹಪ್ಪಳದ ಸಲುವಾಗಿ ಎಷ್ಟರ ಕೊರಗತಿ," ಎಂದು ಒಮ್ಮೆ ಅಂದುಬಿಟ್ಟು, ಆ ವಾರವೆಲ್ಲ ಅನ್ನ ಮಜ್ಜಿಗೆಯಲ್ಲೇ ಕಳೆದಿದ್ದ.

ಹೀಗಿರಲು ಬೆಳಗಾವಿಗೆ ಸಾಲ್ವದೋರ್ ಎಂಬ ಹೊಸ ಬಿಷಪ್ಪರು ಬಂದರು. ಬಂದವರೇ ಪ್ರಸಾದ ಸ್ವೀಕರಿಸುವ ಬಗ್ಗೆ ಎಲ್ಲ ಚರ್ಚುಗಳಿಗೂ ಒಂದು ಓಲೆ ಕಳಿಸಿದರು. ಮೆತ್ತಗಿನ ಓಲೆ. ಸಾಲಿಗೆ ಬರುವ ಮುನ್ನ ಮನಸ್ಸನ್ನು ನೋಡಿಕೊಳ್ಳಿ, ದೊಡ್ಡ ಪಾಪವಿದ್ದರೆ ಮೊದಲು ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿ, ಪಕ್ಕದವನ ಕಡೆ ಬೆರಳು ತೋರಿಸಬೇಡಿ ಎಂದು ಅದರಲ್ಲಿತ್ತು.

ಖಾನಾಪುರದ ಈಗಿನ ಪಾದ್ರಿ ಫಾದರ್ ಇನಾಸರಿಗೆ ಮೆತ್ತಗಿನದು ಯಾವುದೂ ಹಿಡಿಸದು. ವಯಸ್ಸು ಸಣ್ಣದು, ಗಂಟಲು ದೊಡ್ಡದು. ಓಲೆ ಓದಿ ಮುಗಿಸಿ, ತಮ್ಮ ಕಡೆಯಿಂದ ಒಗ್ಗರಣೆ ಹಾಕಿದರು. "ಹಾಲಿಗೆ ನೀರು ಹಾಕಾವ್ರು, ಅಣ್ಣನ ಹೊಲದ ಬದು ಒತ್ತಾವ್ರು, ಮೊದಲ ಮಳಿಗೇ ಕರಗೂ ರಸ್ತಾ ಮಾಡಾವ್ರು, ಇಲ್ಲಿ ಬಂದು ನಾಲಿಗಿ ಚಾಚಬ್ಯಾಡ್ರಿ!"

ಆ ವಾರವಿಡೀ ಊರು ಪ್ರತಿ ಪಾಪಕ್ಕೂ ಒಬ್ಬೊಬ್ಬ ಮಾಲೀಕನನ್ನು ಹುಡುಕಿತು. ಕರಗುವ ರಸ್ತೆಯ ಪಾಪ, ಪೀರನವಾಡಿಯಲ್ಲಿ ರಸ್ತೆ ಗುತ್ತಿಗೆ ಹಿಡಿದಿದ್ದ ಸಂಜಯನ ಪಾಲಿಗೆ ಬಂತು. ಎಮ್ಮೆ ಕಟ್ಟಿ ಹಾಲು ಮಾರುತ್ತಿದ್ದ ಕಾಂತಾಬಾಯಿ ಯಾರೂ ಏನೂ ಅನ್ನುವ ಮೊದಲೇ ಬೀದಿಗಿಳಿದು ಜಗಳ ತೆಗೆದಳು. ಹೊಲದ ಬದು ಒತ್ತಿದವರು ಎಷ್ಟು ಜನರಿದ್ದರೆಂದರೆ ಅದನ್ನು ಯಾರೂ ಮಾತಾಡಲೇ ಇಲ್ಲ.

ಮುಂದಿನ ಭಾನುವಾರ ಬಿಷಪ್ಪರೇ ಖಾನಾಪುರಕ್ಕೆ ಬಂದು ಪೂಜೆ ಅರ್ಪಿಸಿದರು. ಪ್ರಸಾದದ ಪಾತ್ರೆ ಹಿಡಿದು ಮೆಟ್ಟಿಲಿಳಿದು ನಿಂತರು. ಮಕ್ಕಳು ಎದ್ದು ಹೋದವು. ಕಿವಿ ಕೇಳದ ಒಬ್ಬ ಮುದುಕಿ ಹೋದಳು. ಅಷ್ಟೇ. ಉಳಿದವರೆಲ್ಲ ಓರೆಗಣ್ಣಲ್ಲಿ ಪಕ್ಕದವರನ್ನು ನೋಡಿದರು. ಎದ್ದರೆ ನಾಚಿಕೆಗೆಟ್ಟವರು, ಕೂತರೆ ಪಾಪಿಗಳು. ಆದರೆ ಎಲ್ಲರೂ ಕೂತಿರುವಾಗ ಕೂರುವುದೇ ಮರ್ಯಾದೆ. ಸಂಜಯ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ. ಹಾಡಿನವರ ಹಾಡು ಮುಗಿಯಿತು, ಮತ್ತೆ ಮೊದಲಿಂದ ಹಾಡಿದರು. ಬಿಷಪ್ಪರು ಗಿರಾಕಿ ಬಾರದ ಅಂಗಡಿಯವನ ಹಾಗೆ ನಿಂತೇ ಇದ್ದರು.

ಕೊನೆಯ ಬೆಂಚಿನಲ್ಲಿ ರೋಜಿನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೆ ನಗು ಬಂದಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಇಡೀ ಚರ್ಚು ಅವಳ ಜೊತೆ ಕೂತಿತ್ತು.

ಮಧ್ಯಾಹ್ನ ಪಾದ್ರಿಮನೆಯಲ್ಲಿ ಊಟ. ಅಡಿಗೆ ರೋಜಿನಾಳದೇ, ಚರ್ಚಿನ ಯಾವ ಊಟವಿದ್ದರೂ ಅವಳನ್ನೇ ಕರೆಯುತ್ತಿದ್ದರು. ಬಿಷಪ್ಪರು ಲೋಂಡಾದ ರೈಲ್ವೆ ಗ್ಯಾಂಗ್‌ಮನ್ ಒಬ್ಬರ ಮಗ, ಊಟಕ್ಕೆ ನಾಚುವವರಲ್ಲ. ಹಂದಿಮಾಂಸದ ಸಾರನ್ನು ಮೂರನೇ ಸಲ ಹಾಕಿಸಿಕೊಳ್ಳುತ್ತ ಕೇಳಿದರು, "ಇನಾಸ್, ನನ್ನ ಓಲಿ ಓದಿದ್ರಿಲ್ಲೋ?"

"ಓದಿದೆ ಬಿಷಪ್ಪರ. ಚೂರು ವಿವರಣಾ ಕೊಟ್ಟೆ."

"ನಿಮ್ಮ ಚೂರಿಗೆ ನನ್ನ ಮಂದಿ ಎಲ್ಲಾ ಬೆಂಚಿಗೆ ಅಂಟಕೊಂಡ್ರಲ್ಲೋ ಮಾರಾಯ." ಆಮೇಲೆ ಬಡಿಸುತ್ತಿದ್ದವಳ ಕಡೆ ತಿರುಗಿದರು. "ನೀ ಯಾಕ ಬರಲಿಲ್ಲವಾ ತಂಗಿ? ನಿಂಗೂ ಇವ್ರ ಅಂಜಿಕೆ ಏನು?"

"ಇಲ್ರಿ. ಅವ್ರದು ಹೊಸಾ ಕಾರಣ, ನಂದು ಹಳೇದು," ಎಂದು ರೋಜಿನಾ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿ ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. "ನನ್ನ ಕೈಯಾಂದು ನೀವು ಮೂರು ಸರ್ತಿ ಹಾಕ್ಕೊಂಡ್ರಿ. ನಿಮ್ಮ ಕೈಯಾಂದು ನಂಗ ಒಂದು ಸರ್ತೀನೂ ಇಲ್ಲ ನೋಡ್ರಿ."

ಫಾದರ್ ಇನಾಸ್ ನೀರಿನ ಲೋಟದಲ್ಲಿ ಮುಖ ಹುದುಗಿಸಿದರು. ಬಿಷಪ್ಪರು ತಟ್ಟೆ ಸರಿಸಿ, "ಗಂಡನ್ನ ಒಳಗ ಕರಿ," ಎಂದರು.

ಗೌರೀಶ ಬಂದು, ಮಾಂಸದ ವಾಸನೆಗೆ ಮೂಗು ಸೊಟ್ಟ ಮಾಡಿ ಹೊಸ್ತಿಲಲ್ಲೇ ನಿಂತ.

"ಕಡೀತನಕ ಇವಳ ಜೋಡಿ ಬಾಳ್ವೆ ಮಾಡಾವ ಹೌದಿಲ್ಲೋ?" ಬಿಷಪ್ಪರು ಕೇಳಿದರು.

"ಮತ್ತ? ಇಷ್ಟ ದಿನ ಟ್ರಯಲ್ ನೋಡ್ಲಿಕತ್ತಿದ್ನೇನ್ರಿ?"

"ಇವಳ ದೇವರಿಗೆ ನಿಂದೇನಾರ ತಕರಾರು?"

"ಮಳಿ ಇರ್ಲಿ ಬಿಸಲಿರ್ಲಿ, ಇಲ್ಲಿಗೆ ಕರ್ಕೊಂಡು ಬರಾವ್ನ ನಾನ್ರಿ."

ಇಂಥ ಮದುವೆಯನ್ನು ಬುಡದಿಂದಲೇ ಸರಿಪಡಿಸುವ ಅಧಿಕಾರ ಬಿಷಪ್ಪನಿಗಿದೆ, ಗಂಡ ಧರ್ಮ ಬದಲಿಸಬೇಕಿಲ್ಲ, ಮತ್ತೆ ಮದುವೆಯೂ ಬೇಡ, ಅರ್ಜಿ ಕೊಟ್ಟರೆ ನಾನು ಸಹಿ ಹಾಕುತ್ತೇನೆ ಎಂದು ಅವರು ವಿವರಿಸಿದರು.

"ತಲಿ ಮ್ಯಾಲೆ ನೀರು ಹಾಕೂದಿಲ್ಲಲ್ರಿ?" ಗೌರೀಶ ಖಾತ್ರಿ ಮಾಡಿಕೊಂಡ. "ಹಂಗಾರ ಆಗ್ಲೇಳ್ರಿ."

ರೋಜಿನಾ ಕುಣಿಯಬೇಕಿತ್ತು. ಬದಲಿಗೆ ಅವಳ ಮೈ ಉರಿಯಿತು. ಒಂದು ಸಹಿ? ಇಷ್ಟೇನಾ? ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನು ಧಡಧಡ ತಿಕ್ಕತೊಡಗಿದಳು. ಸ್ವಲ್ಪ ಹೊತ್ತಿಗೆ ಬಿಷಪ್ಪರು ತಮ್ಮ ಎಂಜಲು ತಟ್ಟೆ ಹಿಡಿದು ಬಂದು ನಿಂತರು.

"ನಮ್ಮ ಕಡಿಂದ ತಪ್ಪಾತವಾ."

"ತಪ್ಪಾಗಿದ್ರ ಪಾಪನಿವೇದನೆ ಮಾಡ್ರಿ. ಫಾದರ್ ಹೊರಗ ಕುಂತಾರ," ಎಂದಳು, ತಿರುಗಿ ನೋಡದೆ.

ಬಿಷಪ್ಪರು ತಟ್ಟೆ ಕೆಳಗಿಟ್ಟು, ನಿಜಕ್ಕೂ ಹೊರಗೆ ಹೋಗಿ ಇನಾಸರನ್ನು ಕರೆದುಕೊಂಡು ಚರ್ಚಿನೊಳಗೆ ನಡೆದರು. ಬಿಷಪ್ಪರೇ ಮೊಣಕಾಲೂರಿದ್ದು ಕಂಡು, ಚರ್ಚಿನ ಅಂಗಳದಲ್ಲಿದ್ದ ಸಂಜಯ ಅವರ ಹಿಂದೆ ನಿಂತ, ಸಂಜಯನ ಹಿಂದೆ ಕಾಂತಾಬಾಯಿ. ಸಂಜೆಯವರೆಗೆ ಸಾಲು ಕರಗಲಿಲ್ಲ. ಫಾದರ್ ಇನಾಸರಿಗೆ ಚಹಾ ಕುಡಿಯಲೂ ಬಿಡುವಾಗಲಿಲ್ಲ.

ಬೆಳಗಾವಿಯಿಂದ ಸಹಿಯಾದ ಕಾಗದ ಬಂದ ಮೇಲೂ ರೋಜಿನಾ ಕೆಲವು ಭಾನುವಾರ ಬೇಕೆಂದೇ ಕೂತಿದ್ದಳು. ಅವರು ಇಷ್ಟು ಕಾಯಿಸಿದ್ದಾರೆ, ಈಗ ಸ್ವಲ್ಪ ಕಾಯಲಿ ಎಂದು. ಆಮೇಲೆ ಒಂದು ಭಾನುವಾರ, ಅವಳಿಗೇ ತಿಳಿಯದಂತೆ, ಕಾಲುಗಳು ಎದ್ದು ನಡೆದವು. ಫಾದರ್ ಇನಾಸ್ ಪ್ರಸಾದವನ್ನು ಅವಳ ಅಂಗೈಯಲ್ಲಿಟ್ಟರು.

ಹೊರಗೆ ಗೌರೀಶ ಪೇಪರ್ ಮಡಚಿ ಬೈಕ್ ಹತ್ತಿದ. "ಹೆಂಗಿತ್ತು?"

"ಸಪ್ಪಗಿತ್ತು," ಎಂದು ರೋಜಿನಾ ಅವನ ಬೆನ್ನಿಗೆ ಮುಖವಿಟ್ಟು ಅತ್ತಳು.

"ಅದಕ್ಕೇನು ಅಳ್ತಿ? ಮುಂದಿನ ವಾರ ಚೂರು ಉಪ್ಪು ಹಾಕ್ರಿ ಅಂತ ಹೇಳೂಣು," ಎಂದು ಅವನು ಗಾಡಿ ಚಾಲೂ ಮಾಡಿದ.