ಮಗ್ಗಲಲ್ಲಿ ಮಲಗಿದವನು

ನಾನು ಎರಡು ಕಣ್ಣಿನ ಒಂದು ಕ್ಯಾಮರಾ. ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನದು ಹಿಡಿದಿಡುವುದಕ್ಕೆ. ನನ್ನನ್ನು ಮುಖಕ್ಕೆ ಹಿಡಿದು ನೋಡುವ ಹಾಗಿಲ್ಲ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಾಗಿಸಿ, ನನ್ನ ನೆತ್ತಿಯ ಗಾಜಿನೊಳಗೆ ಇಣುಕಬೇಕು. ಹೀಗಾಗಿ ನನ್ನ ಯಜಮಾನರನ್ನೆಲ್ಲ ನಾನು ಕೆಳಗಿನಿಂದಲೇ ಕಂಡೆ. ಗದ್ದ, ಮೂಗಿನ ಹೊಳ್ಳೆ, ಬಾಗಿದ ಹಣೆ, ಇಷ್ಟೇ. ದೊಡ್ಡವರಿರಲಿ ಸಣ್ಣವರಿರಲಿ, ತಲೆ ಬಾಗದವರಿಗೆ ನನ್ನೊಳಗೆ ಏನೂ ಕಾಣಲಿಲ್ಲ. ಸೊಕ್ಕಿನಿಂದ ಹೇಳುತ್ತಿಲ್ಲ. ಮಾಡಿದವನು ಹಾಗೆ ಮಾಡಿದ.

ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ. ಗಾಜು ತಿಕ್ಕಿ ತಿಕ್ಕಿ ನನಗೆ ಕಣ್ಣು ಬರಿಸಿದರು. ಹಡಗಿನಲ್ಲಿ ಮುಂಬಯಿಗೆ ಬಂದೆ. ಒಬ್ಬ ಹತ್ತಿ ವ್ಯಾಪಾರಿ ಕೊಂಡ, ಮಕ್ಕಳ ಫೋಟೋ ತೆಗೆದ. ಮಕ್ಕಳು ದೊಡ್ಡವರಾದ ಮೇಲೆ ಮರೆತ. ಹತ್ತಿ ಖರೀದಿಗೆ ಗದಗಿಗೆ ಬಂದಾಗೊಮ್ಮೆ ನನ್ನನ್ನು ಸ್ಟೇಶನ್ ರಸ್ತೆಯ ಸ್ಟುಡಿಯೋದ ಚನ್ನವೀರಪ್ಪನ ಕೈಗೆ ಹಾಕಿ ಹೋದ. ಅಲ್ಲಿಂದ ಮುಂದೆ ನನಗೆ ಬಿಡುವೆಂಬುದಿಲ್ಲ. ಮದುವೆ, ಜವಳ, ಪರೀಕ್ಷೆಯ ಫೋಟೋ. ನಗಿರಿ ಅಂದರೆ ನಗುವವರು, ಕತ್ತೆತ್ತಿ ಅಂದರೆ ಎತ್ತುವವರು. ಒಂದೇ ನಗುವನ್ನು ಸಾವಿರ ಮುಖಗಳಲ್ಲಿ ನೋಡಿ ನನ್ನ ಕಣ್ಣು ದಣಿದವು.

ಸ್ಟುಡಿಯೋದಲ್ಲಿ ಫೋಟೋ ತಿದ್ದುವವರು ನಾರಾಯಣಪ್ಪ ಚಿತ್ರಗಾರರು. ಅವರ ಹಿರಿಯರು ಕಟ್ಟಿಗೆಯ ದೇವರಿಗೆ ಬಣ್ಣ ಬರೆದವರು. ಇವರು ಕಿಟಕಿಯ ಬೆಳಕಿಗೆ ನೆಗೆಟಿವ್ ಹಿಡಿದು, ಸಣ್ಣ ಕುಂಚದಿಂದ ಮನುಷ್ಯರನ್ನು ತಿದ್ದುತ್ತಿದ್ದರು. ಆ ಸೀಮೆಯಲ್ಲಿ ಒಂದು ರೂಢಿ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಅವರದೇ ಬೇರೆ ಫೋಟೋ ಇರದಿದ್ದರೆ, ಮದುವೆಯ ಗುಂಪಿನ ಫೋಟೋ ತರುತ್ತಿದ್ದರು. ಹಾರ ಹಾಕುವ ಪಟದಲ್ಲಿ ಇನ್ನೊಬ್ಬರು ಇರಬಾರದು. ನಾರಾಯಣಪ್ಪ ಸುತ್ತಲಿನವರ ಮೇಲೆಲ್ಲ ಅದರ ನೆಗೆಟಿವ್‌ನಲ್ಲಿ ಕೆಂಪು ಬಣ್ಣ ಬಳಿಯುತ್ತಿದ್ದರು. ಬಣ್ಣದ ಮೂಲಕ ಬೆಳಕು ಹಾಯುವುದಿಲ್ಲ. ಅಚ್ಚು ಹಾಕಿದಾಗ ಅಷ್ಟೂ ಜಾಗ ಬೆಳ್ಳಗೆ ಉಳಿಯುತ್ತದೆ. ಬಿಳಿಯ ನಡುವೆ ಸತ್ತವರೊಬ್ಬರೇ ನಿಲ್ಲುತ್ತಾರೆ. ಎಷ್ಟೋ ಮನೆಗಳ ಗೋಡೆಗೆ ಅವರು ಹೀಗೆ ದೇವರನ್ನು ಮಾಡಿ ಕೊಟ್ಟಿದ್ದರು.

ಬೆಟಗೇರಿಯ ಎಸ್ತೇರವ್ವ ಬಂದದ್ದು ಒಂದು ಬೇಸಿಗೆಯಲ್ಲಿ. ಅವರು ನೇಕಾರರ ಓಣಿಯ ಕ್ರೈಸ್ತ ಹೆಂಗಸು. ಮೊಣಕಾಲು ಹಿಡಿದಿದ್ದವು. ಚನ್ನವೀರಪ್ಪ ಸಾಮಾನು ತರಲು ಪುಣೆಗೆ ಹೊರಟಿದ್ದಾನೆಂದು ಕೇಳಿ ಬಂದಿದ್ದರು.

“ತಮ್ಮಾ, ನಮ್ಮ ಜೀವರತ್ನ ದೊಡ್ಡ ಯುದ್ಧದಾಗ ಸೈನ್ಯಕ್ಕ ಸೇರಿದ್ದ. ಅಲ್ಲೇ ಪುಣೆದಾಗ ಜ್ವರ ಬಂದು ದವಾಖಾನ್ಯಾಗ ತೀರಿಕೊಂಡ. ಅಲ್ಲೇ ಮಣ್ಣು ಮಾಡ್ಯಾರ. ನಮ್ಮವ್ವ ಸಾಯೋತನಕ ಒಂದ ಮಾತು, ನನ್ನ ಮಗಾ ಒಬ್ಬನ ಮಲಗ್ಯಾನ, ಮಗ್ಗಲಾಗ ಯಾರೂ ಇಲ್ಲ ಅಂತ. ನಂಗೂ ಅದ ಹತ್ತೇತಿ. ಒಂದು ಪಟ ತಗೊಂಡ ಬಾ. ಅಂವನ ಮಗ್ಗಲಾಗ ಯಾರರ ಅದಾರೋ ಇಲ್ಲೋ, ನಾ ನೋಡಬೇಕು.”

“ತರ್ತೀನಿ ಯಕ್ಕಾ. ರೊಕ್ಕದ ಮಾತು ಎತ್ತಬ್ಯಾಡ ಮತ್ತ.”

ಆ ಸೈನಿಕರ ಸ್ಮಶಾನವನ್ನು ನಾನು ಮರೆತಿಲ್ಲ. ಹುಲ್ಲನ್ನು ಒಪ್ಪವಾಗಿ ಕತ್ತರಿಸಿದ್ದರು. ಒಂದೇ ಎತ್ತರದ ಕಲ್ಲುಗಳು ಸಾಲಾಗಿ ನಿಂತಿದ್ದವು, ಹಾಜರಿ ಕೂಗಲೆಂದು ಕಾಯುವವರ ಹಾಗೆ. ತೋಟದ ಮಾಲಿ ಜೀವರತ್ನನ ಕಲ್ಲು ತೋರಿಸಿದ. ಚನ್ನವೀರಪ್ಪ ಚಪ್ಪಲಿ ಬಿಟ್ಟ, ನನ್ನ ಮೇಲೆ ಬಾಗಿದ. ಎಡಕ್ಕೆ, ಬಲಕ್ಕೆ, ಹಿಂದಿನ ಸಾಲಿನ ತನಕ ಬರುವ ಹಾಗೆ ಹಿಂದೆ ಸರಿದು ಸರಿದು ನಿಂತ. ರೋಲಿನಲ್ಲಿ ಉಳಿದಿದ್ದ ಕೊನೆಯ ಫೋಟೋ ಅದು. ಅಲ್ಲಿ ಯಾರೂ ನನಗಾಗಿ ನಗಲಿಲ್ಲ, ಕತ್ತು ಎತ್ತಲಿಲ್ಲ. ಅಂಥ ವಿಶ್ರಾಂತಿ ನನ್ನ ಕಣ್ಣಿಗೆ ಮತ್ತೆ ಸಿಗಲಿಲ್ಲ.

ಊರಿಗೆ ಬಂದ ದಿನವೇ ಚನ್ನವೀರಪ್ಪನಿಗೆ ಲಕ್ಷ್ಮೇಶ್ವರದಲ್ಲಿ ಒಂದು ಮದುವೆಯ ಫೋಟೋ ಕೆಲಸ. ರೋಲು ತೊಳೆದು, “ಎಸ್ತೇರವ್ವಾರ ತಮ್ಮನ ಕಲ್ಲು ನೋಡ್ರಿ ಇದು, ತೀರಿಕೊಂಡಾನ, ಛಲೋ ಮಾಡ್ರಿ” ಎಂದಷ್ಟೇ ಹೇಳಿ, ಇನ್ನೊಂದು ಕ್ಯಾಮರಾ ಹೆಗಲಿಗೆ ಹಾಕಿ ಓಡಿದ. ತೀರಿಕೊಂಡಾನ ಎಂಬ ಮಾತು ಸಾಕಾಯಿತು. ನಾರಾಯಣಪ್ಪ ಮೂರು ದಿನ ಕೂತು, ಒಂದು ಕಲ್ಲು ಬಿಟ್ಟು ಉಳಿದ ಎಲ್ಲದಕ್ಕೂ ಕೆಂಪು ಬಳಿದರು. ನಾನು ಮೇಜಿನ ಮೇಲೆ ಬಾಯಿಲ್ಲದೆ ಕೂತಿದ್ದೆ.

ಎಸ್ತೇರವ್ವ ಬಂದು ಲಕೋಟೆ ಬಿಚ್ಚಿದರು. ಬೆಳ್ಳನೆಯ ಬಯಲು, ನಡುವೆ ಒಂಟಿ ಕಲ್ಲು. ಅವರು ಅಳಲಿಲ್ಲ. ಬೆಂಚಿನ ಮೇಲೆ ಕೂತರು.

“ನಮ್ಮವ್ವ ಹೇಳಿದ್ದ ಖರೆ ಆತು.”

ಆಗಷ್ಟೇ ಮದುವೆಯಿಂದ ಮರಳಿದ್ದ ಚನ್ನವೀರಪ್ಪ ಇಣುಕಿ ನೋಡಿ ಹೌಹಾರಿದ. “ಇಲ್ಲ ಯಕ್ಕಾ, ಸಾಲ ಸಾಲ ಅದಾರ ಅಲ್ಲೆ. ನಾ ಕಣ್ಣಾರೆ ನೋಡೇನಿ.”

“ನನ್ನ ಸಮಾಧಾನಕ್ಕ ಹೇಳ್ತಿ ತಮ್ಮಾ. ಪಟದಾಗ ಇಲ್ಲಲ್ಲ.”

ನಾರಾಯಣಪ್ಪನ ಮುಖ ಸಣ್ಣದಾಯಿತು. “ಕೂಡ್ರಿ ಅವ್ವಾರ, ಹೋಗಬ್ಯಾಡ್ರಿ” ಎಂದವರೇ ನೆಗೆಟಿವ್ ತಂದು, ಒದ್ದೆ ಹತ್ತಿಯಿಂದ ಕೆಂಪು ಒರೆಸತೊಡಗಿದರು. ಬಣ್ಣ ನೀರಿಗೆ ಹೋಗುವಂಥದೇ. ಒಂದೊಂದಾಗಿ ಕಲ್ಲುಗಳು ಎದ್ದು ಬಂದವು. ಆದರೆ ಸುಡು ಬೇಸಿಗೆ, ಕೈಯಲ್ಲಿ ಆತುರ. ಜೀವರತ್ನನ ಪಕ್ಕದ ಕಲ್ಲಿನ ಮೇಲೆ ಬಣ್ಣದ ಜೊತೆಗೆ ಫಿಲ್ಮಿನ ಪದರವೂ ಎದ್ದು ಬಂತು. ಅಚ್ಚು ಹಾಕಿದಾಗ ಆ ಕಲ್ಲಿನ ಮುಖ ಇದ್ದಲ್ಲಿ ಇದ್ದಿಲಿನಂಥ ಕಪ್ಪು ಕಲೆ.

ಎಸ್ತೇರವ್ವ ಒದ್ದೆ ಪಟದ ಮೇಲೆ ಬೆರಳು ಮುಟ್ಟಿಸದೆ ಸರಿಸುತ್ತ ಹೋದರು. ಈ ಸಾಲು, ಆ ಸಾಲು. ಎದೆಯಿಂದ ಉಸಿರು ಇಳಿಯಿತು.

“ನೋಡವ್ವಾ, ಓಣಿ ತುಂಬ ಮಂದಿ ಅದಾರ” ಎಂದು ಎಂದೋ ತೀರಿಹೋದ ತಾಯಿಗೆ ಹೇಳಿದರು. ಆಮೇಲೆ ಬೆರಳು ನಿಂತಿತು. “ಇವನ್ಯಾಕ ಮಾರಿ ಮುಚ್ಚಿಕೊಂಡಾನ?”

“ನನ್ನ ಕೈ ತಪ್ಪಿತ್ರಿ” ಎಂದರು ನಾರಾಯಣಪ್ಪ. “ಹೆಸರು ಅಳಿಸಿ ಹೋತು.”

“ಎಲ್ಲಾರ್ನೂ ಬಿಟ್ಟು ಮಗ್ಗಲದಾಂವನ ಹೆಸರ ಸಿಕ್ತೇನ್ರಿ ಚಿತ್ರಗಾರಪ್ಪಾರ ನಿಮಗ?” ಎಸ್ತೇರವ್ವ ಸಣ್ಣಗೆ ನಕ್ಕರು. “ತಮ್ಮಾ, ಮತ್ತ ಹೋದಾಗ ಕೇಳಿಕೊಂಡ ಬಾ. ಇಷ್ಟು ವರ್ಷ ನಮ್ಮ ಹುಡುಗನ ಜೋಡಿ ಮಲಗ್ಯಾನ. ಹೆಸರ ತಿಳೀದ ಹೆಂಗ ಇರೋದು?”

ಮರು ವರ್ಷ ಹೋದೆವು. ಅಂದು ನನ್ನ ಹೊಟ್ಟೆಯಲ್ಲಿ ರೋಲು ಇರಲಿಲ್ಲ. ಚನ್ನವೀರಪ್ಪ ಮಂಡಿಯೂರಿ, ಅಕ್ಷರ ಕೂಡಿಸಿ ಕೂಡಿಸಿ ಓದಿದ. ಎಡ್ವಿನ್ ಹಾರ್ಟ್ಲಿ. ಇಪ್ಪತ್ತು ವರ್ಷದ ಬಿಳಿಯ ಹುಡುಗ. ದಾರಿಯುದ್ದಕ್ಕೂ ಮರೆಯಬಾರದೆಂದು ಬಾಯಿಪಾಠ ಮಾಡುತ್ತ ಬಂದ.

“ಇದು ನಮ್ಮ ಬಾಯಾಗ ನಿಲ್ಲಂಗಿಲ್ಲ ಬಿಡು,” ಎಂದರು ಎಸ್ತೇರವ್ವ. “ಎಡವಿನಪ್ಪ ಅಂತೀನಿ. ದೇವರಿಗೆ ತಿಳೀತೈತಿ.”

ಅಲ್ಲಿಂದೀಚೆಗೆ ಬಹಳ ನೀರು ಹರಿಯಿತು. ಎಸ್ತೇರವ್ವ ತಮ್ಮ ಮಂದಿಯ ನಡುವೆ ಬೆಟಗೇರಿಯ ಮಣ್ಣು ಸೇರಿದರು. ನಾರಾಯಣಪ್ಪ ಹೋದರು, ಚನ್ನವೀರಪ್ಪನೂ ಹೋದ. ನನ್ನ ರೋಲು ಸಿಗದಾಯಿತು. ಕೆಳಗಿನ ಕಣ್ಣಿನಲ್ಲಿ ಬೂಷ್ಟು ಹಿಡಿದಿದೆ. ಗಾಜಿನ ಕಪಾಟಿನಲ್ಲಿ ಕೂತು ದಣಿವು ಆರಿಸಿಕೊಳ್ಳುತ್ತೇನೆ, ಅದು ಆರುವುದಿಲ್ಲ. ಸ್ಟುಡಿಯೋ ಈಗ ಚನ್ನವೀರಪ್ಪನ ಮಗಳು ಗಿರಿಜಾಳದು. ತಿದ್ದುವ ಕೆಲಸವೆಲ್ಲ ಕಂಪ್ಯೂಟರಿನಲ್ಲಿ. ಯಾರನ್ನು ಬೇಕಾದರೂ ಕೂತಲ್ಲೇ ತೆಗೆಯುತ್ತಾಳೆ, ಕೈಗೆ ಬಣ್ಣವೂ ಹತ್ತುವುದಿಲ್ಲ. ಇಷ್ಟು ಸುಲಭವಾದದ್ದಕ್ಕೇ ನನಗೆ ಒಮ್ಮೊಮ್ಮೆ ಅಂಜಿಕೆ.

ಮೊನ್ನೆ ಎಸ್ತೇರವ್ವನ ಮೊಮ್ಮಗಳು ಆ ಪಟ ತಂದಳು. ಅಂಚು ಹರಿಯುತ್ತಿದೆ, ಇನ್ನೊಂದು ಪ್ರತಿ ಬೇಕಂತೆ. ಗಿರಿಜಾ ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿದಳು.

“ಈ ಕರೀ ಕಲಿ ತಗದ ಬಿಡ್ತೀನಿ. ಆಚೀಚಿನ ಕಲ್ಲಿನಂಗ ಮಾಡಿದ್ರ ಗೊತ್ತ ಆಗಂಗಿಲ್ಲ.”

“ಬ್ಯಾಡ್ರಿ, ಅಂವ ಎಡವಿನಪ್ಪ,” ಎಂದಳು ಹುಡುಗಿ. “ಪ್ರಾರ್ಥನಿ ಮಾಡುವಾಗ ನಮ್ಮ ಜೀವರತ್ನಜ್ಜನ ಹೆಸರಾದ ಮ್ಯಾಲ ಇವನದ ಹೇಳ್ತೀವಿ. ಅಂವನ್ನ ತಗದ್ರ ನಮ್ಮ ಅಜ್ಜನ ಮಗ್ಗಲು ಖಾಲಿ ಆಗತೈತಿ.”

ಗಿರಿಜಾ ಮೌಸಿನ ಮೇಲಿಂದ ಕೈ ತೆಗೆದಳು. ಇನ್ನಷ್ಟು ಹತ್ತಿರ ಹೋಗಿ, ಆ ಕಪ್ಪಿನೊಳಗೆ ಏನಾದರೂ ಕಂಡೀತೇ ಎಂದು ತಲೆ ಬಾಗಿಸಿ ನೋಡುತ್ತ ಬಹಳ ಹೊತ್ತು ಕೂತಳು.